ಪ್ಲೇಟಿನಲ್ಲಿ ಅಲುಗಿದ ಮುಖ

ದೆವ್ವ ಭೂತಗಳ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಬೇಸರ. ಹೇಳುವಾಗ ಅವರ ಮುಖದಲ್ಲಿ ಒಂದು ಬಗೆಯ ಸಂತೋಷ ಇರುತ್ತದೆ. ಅದೇ ನನಗೆ ಹಿಡಿಸುತ್ತಿರಲಿಲ್ಲ. ಕ್ಯಾಮೆರಾ ಕೈಗೆ ಬಂದ ಮೇಲಂತೂ ನನ್ನ ಅಪನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಬೆಳಕು ಬಿದ್ದದ್ದು ಒಳಗಿನ ಗಾಜಿನ ಪ್ಲೇಟಿನ ಮೇಲೆ ಮೂಡುತ್ತದೆ, ಬೀಳದ್ದು ಮೂಡುವುದಿಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು. ಈಗ ಬರೆಯುತ್ತಿರುವುದನ್ನು ಓದಿ ನೀವು ನನ್ನನ್ನೂ ಆ ಕಥೆಗಾರರ ಸಾಲಿಗೆ ಸೇರಿಸಬಹುದು. ಸೇರಿಸಿ. ಆದರೆ ಇದನ್ನು ಹೇಳುವಾಗ ನನಗೆ ಯಾವ ಸಂತೋಷವೂ ಇಲ್ಲ.

ಇಂಗ್ಲಿಷರ ಕಾಲ. ನಾನಾಗ ಗೋಕಾಕದಲ್ಲಿ ಶಾಲೆಯ ಮಾಸ್ತರ. ವಿಲಾಯಿತಿಗೆ ಹೊರಟಿದ್ದ ಎಂಜಿನಿಯರ್ ಸಾಹೇಬನೊಬ್ಬನಿಂದ ಹಳೆಯ ಕ್ಯಾಮೆರಾ ಕೊಂಡಿದ್ದೆ. ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಮುಸುಕು ಎಳೆದುಕೊಳ್ಳಲು ಕರಿ ಬಟ್ಟೆ. ಗಾಜಿನ ಪ್ಲೇಟು ಸೇರಿಸಿ, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚಬೇಕು. ನನ್ನ ಹುಚ್ಚೆಲ್ಲ ಜಲಪಾತದ ಮೇಲೆ. ಮಳೆಗಾಲದ ಕೆಂಪು ನೀರು, ಬೇಸಿಗೆಯ ಬರಿ ಬಂಡೆ, ಎಲ್ಲವನ್ನೂ ತೆಗೆದಿದ್ದೆ. ಬೀಳುವ ನೀರು ಫೋಟೋದಲ್ಲಿ ಹಿಂಜಿದ ಅರಳೆಯಂತೆ ಬರುತ್ತಿತ್ತು, ಪಕ್ಕದ ಬಂಡೆ ಮಾತ್ರ ಗೆರೆಗೆರೆಯಾಗಿ ಕಾಣುತ್ತಿತ್ತು. ಅಲುಗಿದ್ದು ಮಸುಕು, ನಿಂತದ್ದು ಸ್ಪಷ್ಟ.

ಸುತ್ತಲಿನ ಊರುಗಳಲ್ಲಿ ಈ ಹುಚ್ಚು ಹಿಡಿದವರು ಇನ್ನಿಬ್ಬರಿದ್ದರು. ಒಬ್ಬರು ಹುಕ್ಕೇರಿಯ ಡಾಕ್ಟರು, ನಾವೆಲ್ಲ ರಾಯರು ಎನ್ನುತ್ತಿದ್ದೆವು. ಹುಕ್ಕೇರಿಯ ಹಳೆಯ ಗುಮ್ಮಟಗಳೆಂದರೆ ಅವರಿಗೆ ಪ್ರಾಣ. ಇನ್ನೊಬ್ಬ ಮೂಡಲಗಿಯ ಅರಳೆ ವ್ಯಾಪಾರಿ ಶಿವಲಿಂಗಪ್ಪ. ನನ್ನ ತಂಗಿ ನೀಲವ್ವನ ಗಂಡ. ಅವನದು ನಮ್ಮಿಬ್ಬರದಕ್ಕಿಂತ ಒಳ್ಳೆಯ ಕ್ಯಾಮೆರಾ. ಅದರಲ್ಲಿ ಅವನು ತೆಗೆಯುತ್ತಿದ್ದುದು ಎತ್ತುಗಳನ್ನು. ಕೋಡು ಸವರಿ, ಜೂಲು ಹೊದಿಸಿ, ಬಿಸಿಲಿಗೆ ನಿಲ್ಲಿಸಿ, ಮದುಮಗನ ಫೋಟೋ ತೆಗೆದಷ್ಟು ಅಕ್ಕರೆಯಿಂದ ತೆಗೆಯುತ್ತಿದ್ದ.

ಒಮ್ಮೆ ಮೂಡಲಗಿಗೆ ಹೋದಾಗ ನೀಲವ್ವ ನೀರು ತಂದಿಟ್ಟು ಮೆಲ್ಲಗೆ ಅಂದಳು: "ಅಣ್ಣಾ, ಎತ್ತಿನ ಫೋಟೋ ಗ್ವಾಡಿ ತುಂಬ ಅದಾವ. ನಂದ ಒಂದೂ ಇಲ್ಲ ನೋಡ."

ನಾನು ಅಂದೇ ತೆಗೆಯಬೇಕೆಂದು ಸ್ಟ್ಯಾಂಡು ಬಿಚ್ಚಿದೆ. ಅವಳ ಅತ್ತೆ ಬಾಗಿಲಿಗೆ ಬಂದು ನಿಂತಳು. "ಬ್ಯಾಡ್ರಿ ಮಾಸ್ತರ. ಮನಿ ಸೊಸಿ ಮಾರಿ ಗಾಜಿನ್ಯಾಗ ಹಿಡದಿಟ್ರ ಆಯುಷ್ಯ ಕಡಿಮಿ ಆಗತೈತಿ." ಎಷ್ಟು ಹೇಳಿದರೂ ಕೇಳಲಿಲ್ಲ. ಶಿವಲಿಂಗಪ್ಪ ಅಲ್ಲೇ ಕುಳಿತು ಲೆನ್ಸು ಒರೆಸುತ್ತಿದ್ದ. "ನಮ್ಮವ್ವ ಹೇಳಿದಮ್ಯಾಲ ಮುಗೀತ್ರಿ" ಎಂದ. ನೀಲವ್ವ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅದಾದ ಮರುವರ್ಷ ಒಂದು ಬೆಳಿಗ್ಗೆ ಅವರ ಮನೆಯ ಆಳು ಸೈಕಲ್ ಮೇಲೆ ಬಂದ. ಮುಖ ಕೆಳಗೆ ಹಾಕಿಕೊಂಡು ನಿಂತ.

"ನಿಮ್ಮ ತಂಗ್ಯಾರು ನಿನ್ನೆ ಸಂಜೀಕ ಶಿವನ ಪಾದಾ ಸೇರಿದ್ರಿ. ಜ್ವರಾ ಬಂದಿತ್ರಿ." ಅದರ ಬೆನ್ನಿಗೇ, "ಬರೂಮುಂದ ಕ್ಯಾಮೆರಾ ತರಬೇಕಂತ್ರಿ" ಎಂದ.

ಜ್ವರ ಎಂದಿನಿಂದ ಇತ್ತು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ಅಥವಾ ಹೇಳಲು ಇಷ್ಟವಿರಲಿಲ್ಲ. ನಮ್ಮ ತಂದೆ ತಾಯಿ ಇಬ್ಬರೂ ಆಗಲೇ ಹೋಗಿದ್ದರು. ನೀಲವ್ವನಿಗೆ ತವರು ಎಂದರೆ ನಾನೊಬ್ಬನೇ. ಕಾಯಿಲೆಯಾದಾಗ ನನಗೆ ಹೇಳಿಕಳಿಸಲಿಲ್ಲ, ಹುಕ್ಕೇರಿಯ ರಾಯರನ್ನು ಕರೆಸಲಿಲ್ಲ. ಕ್ಯಾಮೆರಾ ಬೇಕಾದಾಗ ಮಾತ್ರ ನನ್ನ ನೆನಪಾಯಿತು.

ಮೂಡಲಗಿ ಮುಟ್ಟಿದಾಗ ಪಡಸಾಲೆಯಲ್ಲಿ ಭಜನೆ ನಡೆದಿತ್ತು. ನಮ್ಮ ಪದ್ಧತಿಯಂತೆ ನೀಲವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ, ಎಡ ಅಂಗೈಯಲ್ಲಿ ಲಿಂಗ. ತಲೆ ಬೀಳದಂತೆ ಹಣೆಯ ಮೇಲೆ ವಸ್ತ್ರದ ಪಟ್ಟಿ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ನಾನು ಹೋಗಿ ಕೈ ಹಿಡಿದೆ. ಕಲ್ಲಿನಂತೆ ತಣ್ಣಗಿತ್ತು, ಬೆರಳು ಸೆಟೆದುಕೊಂಡಿದ್ದವು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನನ್ನನ್ನು ಕೇಳಿದವರೆಲ್ಲ ಮೊದಲು ಕೇಳಿದ್ದು ಇದನ್ನೇ. ಜೀವ ಇರಲಿಲ್ಲ. ಅದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ.

"ಒಂದ ಫೋಟೋ ತಗೀರಿ" ಎಂದಳು ಅತ್ತೆ. "ಮುಂದ ಪೂಜಿಗಿ ಇಡಾಕ ಬೇಕಾಗತೈತಿ."

ನೀವೇ ತೆಗೆಯಬಹುದಿತ್ತಲ್ಲ ಎಂದು ಶಿವಲಿಂಗಪ್ಪನ ಕಡೆ ನೋಡಿದೆ. "ನನ್ನ ಕೈ ನಡಗಾಕತ್ತಾವ್ರಿ" ಎಂದ. ಕೈ ನಡುಗುತ್ತಿದ್ದವೋ ಇಲ್ಲವೋ ನಾನು ನೋಡಲಿಲ್ಲ. ಜಗಳಕ್ಕೆ ಅದು ಹೊತ್ತಲ್ಲ. ಒಮ್ಮೆಯಾದರೂ ತನ್ನ ಮುಖ ಒಂದು ಕಡೆ ಉಳಿಯಲಿ ಎಂದು ಆಸೆಪಟ್ಟಿದ್ದವಳು. ಅದಷ್ಟಾದರೂ ಆಗಲಿ ಎಂದು ಸ್ಟ್ಯಾಂಡು ನಿಲ್ಲಿಸಿದೆ.

ಭಜನೆ ನಿಲ್ಲಿಸಿದರು. ಅತ್ತೆ ಒಂದು ಬದಿಗೆ, ಶಿವಲಿಂಗಪ್ಪ ಇನ್ನೊಂದು ಬದಿಗೆ ನಿಂತರು. ಪಡಸಾಲೆಯ ಬೆಳಕು ಕಡಿಮೆ, ಹಾಗಾಗಿ ಮುಚ್ಚಳ ತುಸು ಹೆಚ್ಚು ಹೊತ್ತೇ ತೆಗೆದಿಡಬೇಕಾಯಿತು. "ಯಾರೂ ಅಳಗ್ಯಾಡಬ್ಯಾಡ್ರಿ" ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಚುಚ್ಚಿತು. ಮುಚ್ಚಳ ತೆಗೆದು ಕ್ಯಾಮೆರಾದ ಪಕ್ಕ ನಿಂತು ತಂಗಿಯ ಮುಖವನ್ನೇ ನೋಡಿದೆ. ರೆಪ್ಪೆ ಮುಚ್ಚಿದ ಆ ಮುಖ ಹಾಗೇ ಇತ್ತು, ಎಳ್ಳಷ್ಟೂ ಕದಲಲಿಲ್ಲ. ಮುಚ್ಚಳ ಹಾಕಿದೆ. ಸಂಜೆಯೊಳಗೆ ಮಣ್ಣು ಕೊಟ್ಟು ಬಂದೆವು.

ಊರಿಗೆ ಬಂದ ಮೇಲೆ ಪ್ಲೇಟು ತೊಳೆದು ಚಿತ್ರ ಮೂಡಿಸಲು ಮನಸ್ಸು ಬರಲು ಕೆಲವು ದಿನ ಹಿಡಿದವು. ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಬಾಗಿಲ ಸಂದಿಗೆ ಕಂಬಳಿ ತುರುಕಿ, ಕೆಂಪು ಗಾಜಿನ ಲಾಟೀನು ಹಚ್ಚಿ, ಮಟಮಟ ಮಧ್ಯಾಹ್ನ ಒಳಗೆ ಕುಳಿತೆ. ಪ್ಲೇಟನ್ನು ಔಷಧದ ನೀರಿಗೆ ಹಾಕಿ ಮೆಲ್ಲಗೆ ಆಡಿಸಿದೆ. ಮೊದಲು ಗೋಡೆ, ಆಮೇಲೆ ಗೂಟ, ಅತ್ತೆಯ ಸೀರೆಯ ಅಂಚು, ಶಿವಲಿಂಗಪ್ಪನ ರುಮಾಲು. ಮಾಲೆಯ ಒಂದೊಂದು ಎಸಳೂ ಎಣಿಸುವಷ್ಟು ಸ್ಪಷ್ಟ. ಮುಖ ಮಾತ್ರ ಇರಲಿಲ್ಲ. ಮುಖ ಇರಬೇಕಾದಲ್ಲಿ ಎಡದಿಂದ ಬಲಕ್ಕೆ ಎಳೆದ ಒಂದು ಮಸುಕು ಇತ್ತು.

ಪ್ಲೇಟು ಒಣಗಿದ ಮೇಲೆ ಕಾಗದದ ಮೇಲೆ ಇಳಿಸಿ ನೋಡಿದೆ. ಅದೇ ಮಸುಕು. ಬದುಕಿದ್ದ ಇಬ್ಬರೂ ಕಲ್ಲಿನಂತೆ ನಿಂತಿದ್ದರು. ನಡುವೆ ಕುಳಿತ ನನ್ನ ತಂಗಿ ಅಲುಗಿದ್ದಳು. ಹೊರಗೆ ಬಿಸಿಲಿತ್ತು, ಹುಡುಗರು ಬೀದಿಯಲ್ಲಿ ಕೋಲು ಬೀಸಿ ಚಿಣಿಫಣಿ ಆಡುತ್ತಿದ್ದರು. ಆದರೂ ನನಗೆ ಆ ಕೋಣೆಗೆ ಮತ್ತೆ ಹೋಗಲು ಆಗಲಿಲ್ಲ.

ಮರುದಿನವೇ ಹುಕ್ಕೇರಿಗೆ ಹೋದೆ. ರಾಯರು ಪ್ಲೇಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕ್ಯಾಮೆರಾ ಅಳಗ್ಯಾಡಿಲ್ರಿ" ಎಂದರು. "ಅದು ಅಳಗ್ಯಾಡಿದ್ರ ಗ್ವಾಡೀನೂ ಕೆಡತಿತ್ತು. ಪ್ಲೇಟಿನ ದೋಷಾನೂ ಅಲ್ಲ. ಈಕಿ ತಲಿ ಹೊಳ್ಳಿಸ್ಯಾಳ, ಆ ಕಡೆ ಈ ಕಡೆ, ಒಂದ್ಸಲ ಅಲ್ಲ."

"ಡಾಕ್ಟರಾಗಿ ಹೇಳ್ರಿ" ಎಂದೆ. ಕೈ ತಣ್ಣಗಿದ್ದದ್ದು, ಬೆರಳು ಸೆಟೆದದ್ದು, ತಲೆಯನ್ನು ಗೂಟಕ್ಕೆ ಬಿಗಿದದ್ದು ಎಲ್ಲವನ್ನೂ ಹೇಳಿದೆ.

ಅವರು ಪ್ಲೇಟನ್ನು ಮೇಜಿನ ಮೇಲಿಟ್ಟರು. "ಡಾಕ್ಟರಾಗಿ ಹೇಳೂದಾದ್ರ ಆಕಿ ಹೋಗಿ ಒಂದ ರಾತ್ರಿ ಕಳದಿತ್ತು. ಎರಡೂ ಖರೆ. ಎರಡೂ ಹೆಂಗ ಖರೆ ಅಂತ ನನ್ನ ಕೇಳಬ್ಯಾಡ್ರಿ."

ಮೂಡಲಗಿಯಿಂದ ಫೋಟೋಕ್ಕಾಗಿ ಹೇಳಿಕೆ ಬಂತು. ನಾನೇ ಒಯ್ದು ಶಿವಲಿಂಗಪ್ಪನ ಕೈಗೆ ಕೊಟ್ಟೆ. ಅವನಿಗೂ ಈ ಕಸುಬು ಗೊತ್ತು, ವಿವರಿಸಬೇಕಾದದ್ದೇನೂ ಇರಲಿಲ್ಲ. ನೋಡಿದ, ಮುಖದ ಬಣ್ಣ ಇಳಿದು ಹೋಯಿತು. "ಪ್ಲೇಟ್ ಕೆಟ್ಟೈತಿ, ಬಿಡ್ರಿ" ಎಂದು ಹೇಳಿ ಫೋಟೋ ನನಗೇ ತಿರುಗಿ ಕೊಟ್ಟ. ಜ್ವರ ಎಷ್ಟು ದಿನ ಇತ್ತು ಎಂದು ಕೇಳಿದೆ. "ಈಗ ಅದನ್ನ ತಗೊಂಡ ಏನ ಮಾಡ್ತೀರಿ" ಎಂದು ಎದ್ದು ಒಳಗೆ ಹೋದ. ಆ ಸುಗ್ಗಿಯೊಳಗೆ ಅವನು ತನ್ನ ಕ್ಯಾಮೆರಾವನ್ನು ಯಾರಿಗೋ ಕೊಟ್ಟುಬಿಟ್ಟನೆಂದು ಸುದ್ದಿ ಬಂತು. ಸುಗ್ಗಿ ಕಳೆಯುತ್ತಲೇ ಎರಡನೆಯ ಮದುವೆಯೂ ಆಯಿತು. ನನ್ನನ್ನು ಕರೆದಿದ್ದರು, ನಾನು ಹೋಗಲಿಲ್ಲ.

ವರ್ಷಗಳು ಹೋದವು. ನೀಲವ್ವನ ಮಗಳು ಗಂಗಾ ದೊಡ್ಡವಳಾದಳು. ಅವಳ ಮದುವೆ ಗೊತ್ತಾದಾಗ ಒಂದು ದಿನ ಗೋಕಾಕಕ್ಕೆ ನಮ್ಮ ಮನೆಗೆ ಬಂದಳು.

"ಮಾಮಾ, ನಮ್ಮವ್ವನ ಫೋಟೋ ನಿಮ್ಮ ಹಂತ್ಯಾಕ ಐತಂತ. ನನಗ ಆಕಿ ಮಾರಿ ನೆಪ್ಪಿಲ್ರಿ."

ಕೊಡಬಾರದೆಂದು ಅನ್ನಿಸಿತು. ಆದರೆ ಕೊಡುವುದಿಲ್ಲ ಎನ್ನಲು ನಾನು ಯಾರು? ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. ಅವಳು ಹೆದರಲಿಲ್ಲ, ಅಳಲಿಲ್ಲ. ಹೊಸ್ತಿಲಲ್ಲಿ ಬೆಳಕಿಗೆ ಕುಳಿತು ನೋಡಿದಳು. ಅಜ್ಜಿಯ ಮೇಲೆ ಬೆರಳಿಟ್ಟಳು, ಅಪ್ಪನ ಮೇಲೆ ಬೆರಳಿಟ್ಟಳು, ನಡುವಿನ ಮಸುಕಿನ ಮೇಲೆ ಬೆರಳು ಆಡಿಸಿದಳು, ಅತ್ತ ಒಮ್ಮೆ, ಇತ್ತ ಒಮ್ಮೆ.

"ಅವ್ವ ಒಲ್ಲೆ ಅನ್ನಾಕತ್ತಾಳಲ್ರಿ" ಎಂದಳು.

ಇಷ್ಟು ವರ್ಷ ಅದನ್ನು ನೋಡಿದ್ದ ನನಗಾಗಲಿ, ರಾಯರಿಗಾಗಲಿ ಹೊಳೆಯದೇ ಇದ್ದದ್ದು ಅದು. ನಾವು ಅಲುಗಿದ್ದನ್ನಷ್ಟೇ ನೋಡಿದ್ದೆವು.

ಗಂಗಾ ತಲೆಯೆತ್ತಿ ಕೇಳಿದಳು: "ಏನ್ ಒಲ್ಲೆ ಅಂತಾಳ್ರಿ, ಮಾಮಾ?"

ನಾನು ಫೋಟೋದಲ್ಲಿ ನೀಲವ್ವನ ಎರಡು ಬದಿಗೆ ನಿಂತಿದ್ದವರನ್ನು ನೋಡಿದೆ, ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿದೆ. ಅವಳು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು.