ಗೋಡೆಯಾಚೆಯ ರೊಟ್ಟಿ ಸಪ್ಪಳ

ಚಿಗವ್ವನ ಮೊಣಕಾಲ ಕೆಳಗೆಲ್ಲ ನೇರಳೆ ಹಣ್ಣು ಹಿಚುಕಿದಂತೆ ಕಲೆಗಳಿದ್ದವು. ಒತ್ತಿದರೂ ಮಾಸುತ್ತಿರಲಿಲ್ಲ. ರೋಣದಲ್ಲಿ ನಮ್ಮ ಪಕ್ಕದ ಮನೆಯಾಕೆ, ರಕ್ತಸಂಬಂಧವಿಲ್ಲ. ಆದರೂ ಮದುವೆಯಾಗಿ ಬಂದ ನನಗೆ ದುಂಡಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ಗೋಡೆಯಾಚೆಯಿಂದ ನನ್ನ ಸಪ್ಪಳ ಕೇಳಿಯೇ, "ಹಿಟ್ಟು ಗಟ್ಟಿ ಆಗೇತಿ ನೋಡ, ಬಿಸಿನೀರು ಹಾಕು" ಎಂದು ಕೂಗುವಳು. ನಿಜಕ್ಕೂ ಗಟ್ಟಿಯಾಗಿರುತ್ತಿತ್ತು, ಅದೇ ನನಗೆ ಸಿಟ್ಟು.

ಗದಗಿನ ಡಾಕ್ಟರು ಇದು ರಕ್ತನಾಳಗಳ ಉರಿಯೂತ, ಮೈಯಲ್ಲಿ ಎಲ್ಲಿಗಾದರೂ ಹೋಗಬಹುದು, ಅಪರೂಪಕ್ಕೆ ಮಿದುಳಿಗೂ ಎಂದರು. ತಲೆ ಸಿಡಿದರೆ, ಕೈಕಾಲು ಜೋಮು ಹಿಡಿದರೆ ತಡಮಾಡಬೇಡಿ ಎಂದರು. ಚಿಗವ್ವ ನಕ್ಕಳು: "ಒಳಗಿನ ನಳಾ ಸಿಟ್ಟಿಗೆದ್ದಾವಂತ. ಏಳಲಿ ಬಿಡ. ಇವ್ರಿಗೆ ರೊಟ್ಟಿ ಯಾರು ಬಡೀತಾರ?" ಇವ್ರು ಅಂದರೆ ಅವಳ ಗಂಡ, ನಮ್ಮ ಕಾಕಾ. ಚಿಗವ್ವ ಗುಳಿಗೆಯನ್ನೇನೂ ತಪ್ಪಿಸಲಿಲ್ಲ. ಆದರೆ ಅಂದಿನಿಂದ ನನಗೆ ಜೀವದಲ್ಲಿ ಜೀವವಿರಲಿಲ್ಲ. ಬೆಳಿಗ್ಗೆ ಅವಳ ರೊಟ್ಟಿ ಸಪ್ಪಳ ಕೇಳುವವರೆಗೆ ನಾನು ಒಲೆ ಹಚ್ಚುತ್ತಿರಲಿಲ್ಲ.

ಒಂದು ಮುಂಜಾನೆ ಆ ಸಪ್ಪಳ ಕುಂಟಿತು. ಎರಡು ಕೈಯ ತಾಳ ಹೋಗಿ ಒಂದೇ ಕೈ ಬಡಿಯುತ್ತಿತ್ತು. ಓಡಿದೆ. ಅವಳ ಎಡಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ರೊಟ್ಟಿ ಒಂದು ಬದಿಗೆ ಉದ್ದವಾಗಿತ್ತು. "ತಲಿ ಒಡ್ಯಾಕತ್ತೇತವ್ವ" ಎಂದಳು. ನಾಲಗೆ ತೊದಲುತ್ತಿತ್ತು.

ಕಾಕಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಲಕ್ವಾ ಹೊಡದೈತಿ. ಪಾರಿವಾಳ ತರ್ತೀನಿ, ಬಿಸಿ ರಕ್ತ ಹಚ್ಚಿ ತಿಕ್ಕೋಣು." ನಮ್ಮ ಕಡೆ ಲಕ್ವಕ್ಕೆ ಮೊದಲ ಮದ್ದು ಅದೇ.

"ಕಾಕಾ, ಡಾಕ್ಟರ್ ಏನಂದಿದ್ರು? ಪಾರಿವಾಳ ಬಿಡ್ರಿ, ಲಗೂನ ಗಾಡಿ ತರ್ರಿ!" ಹಿರಿಯರ ಮುಂದೆ ನಾನು ದನಿ ಏರಿಸಿದ್ದು ಅದೇ ಮೊದಲು.

ಗದಗಿನ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿದಾಗಲೆಲ್ಲ ಹೆದರಿ, ಕೂಗಿ ಎಬ್ಬಿಸುತ್ತಿದ್ದೆ. ಒಮ್ಮೆ, "ಹಂಚಿನ ಮ್ಯಾಲ ರೊಟ್ಟಿ ಐತಿ... ತಿರುವಿ ಹಾಕು" ಎಂದಳು. ಮತ್ತೆ ಮಾತಾಡಲಿಲ್ಲ. ಸ್ಕ್ಯಾನಿನಲ್ಲಿ ಮಿದುಳೊಳಗೆ ರಕ್ತ ಹರಡಿದ್ದು ಕಂಡಿತು. ಕಾಲಿನ ಮೇಲೆ ಕಲೆ ಮೂಡಿಸಿದ ಬೇನೆಯೇ ಅಲ್ಲಿಯ ನಾಳವನ್ನೂ ಒಡೆದಿತ್ತು. ಅವಳನ್ನು ಮಣ್ಣಿಗೆ ಕೊಡಲು ಊರಿಗೆ ತಂದಾಗ ಹಂಚಿನ ಮೇಲೆ ಆ ರೊಟ್ಟಿ ಕರಕಾಗಿ ಕೂತಿತ್ತು.

ಈಗ ಕಾಕಾಗೂ ನಾನೇ ರೊಟ್ಟಿ ಬಡಿಯುತ್ತೇನೆ. ಕೈ ಸುಟ್ಟಿತೆಂದೋ ಮಗು ಅತ್ತಿತೆಂದೋ ನಡುವೆ ನಿಲ್ಲಿಸಿದರೆ ಸಾಕು, ಗೋಡೆಯಾಚೆಯಿಂದ ನಡುಗುವ ದನಿ: "ಯಾಕವ್ವಾ, ಸಪ್ಪಳ ನಿಂತತಲ್ಲ? ಎಡಗೈ ಆಡ್ತೈತಿಲ್ಲೋ?"

"ಆಡ್ತೈತ್ರಿ ಕಾಕಾ" ಎಂದು ಕೂಗಿ, ಎರಡೂ ಕೈಯಿಂದ ಜೋರಾಗಿ ಬಡಿಯುತ್ತೇನೆ.