ಎದುರುಮನೆ ನಟರ ದನಿ

ದೊಡ್ಡಬಳ್ಳಾಪುರದಲ್ಲಿ ನಮ್ಮ ಎದುರುಮನೆಯ ಯಜಮಾನರು ಮಗ್ಗ ನಡೆಸುತ್ತಿದ್ದರು, ಊರಿನ ನಾಟಕಗಳಲ್ಲಿ ರಾಜನ ಪಾತ್ರ ಮಾಡುತ್ತಿದ್ದರು. ಮಗ್ಗದ ಸದ್ದಿನ ನಡುವೆಯೇ ಮಾತು ಒಪ್ಪಿಸಿ ರೂಢಿಯಾಗಿ, ಅವರಿಗೆ ಮೈಕು ಬೇಕಿರಲಿಲ್ಲ. ಅಂಗಡಿಯಲ್ಲಿ ಸಕ್ಕರೆ ಕೇಳುವಾಗಲೂ ದನಿ ಏರುತ್ತಿತ್ತು, ಎಡಗೈ ರಾಜನಂತೆ ಸೊಂಟಕ್ಕೆ ಹೋಗುತ್ತಿತ್ತು. “ಕೊನೇ ಸಾಲ್ನೋನ್ಗೂ ಕೇಳ್ಬೇಕು ಕಣಪ್ಪಾ” ಎನ್ನುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ಅವರಿಗೆ ಟೀವಿ ಧಾರಾವಾಹಿಯೊಂದರಲ್ಲಿ ಮೇಷ್ಟ್ರ ಪಾತ್ರ ಸಿಕ್ಕಿತು. ಶಾಲೆ ಬಿಡಲು ಹೊರಟ ಹುಡುಗಿಯನ್ನು ಸಮಾಧಾನ ಮಾಡುವ ಒಂದೇ ದೃಶ್ಯ. ಅದು ಪ್ರಸಾರವಾದ ಸಂಜೆ ಬೀದಿಯವರೆಲ್ಲ ಅವರ ಮನೆಯಲ್ಲಿ ಸೇರಿದ್ದೆವು. ತೆರೆಯ ಮೇಲೆ ಅವರು ಬಂದರು, ಬಾಯಿ ತೆರೆದರು. ಕೇಳಿಸಿದ್ದು ಬೇರೆ ಯಾರದೋ ದನಿ. ಇವರದು ತೀರಾ ಜೋರಾಯಿತೆಂದು, ಧಾರಾವಾಹಿಯವರು ಇವರಿಗೆ ತಿಳಿಸದೆ ಇನ್ನೊಬ್ಬರಿಂದ ಮಾತಾಡಿಸಿದ್ದರಂತೆ. ಆಗ ನಾವ್ಯಾರೂ ಅವರ ಮುಖ ನೋಡಲಿಲ್ಲ.

ಅವರ ಹೆಂಡತಿ ಎದ್ದು ಟೀವಿ ಆರಿಸಿದರು. “ಅದೇನ್ ಮಾತೋ ನೀವೇ ಹೇಳ್ರೀ. ಇವ್ರೆಲ್ಲಾ ನಿಮ್ಮನ್ನ ಕೇಳೋಕೆ ಬಂದಿರೋದು” ಎಂದರು.

ಅವರು ಕೂತಲ್ಲಿಂದಲೇ, “ಅಳ್ಬೇಡ ಮಗಾ. ನಾಳೆ ಬಾ, ನಾನಿರ್ತೀನಿ” ಎಂದರು. ಕೂಗಲಿಲ್ಲ, ಕೈ ಎತ್ತಲಿಲ್ಲ.

ಅವರಿಗೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆಂದು ಬೀದಿಗೆ ಗೊತ್ತಾದದ್ದು ಅಂದೇ.