ಎಣ್ಣಿ ಹಾಕಿಲ್ರಿ ಅತ್ತಿ

ಅತ್ತೆ, ಸುಧಾರಿಸುತ್ತಿದ್ದ ನಿಮ್ಮ ಮೊಣಕಾಲು ಕೆಡಿಸಿದವಳು ನಾನು. ನಿಮ್ಮ ನಾಲಗೆಯಲ್ಲ, ಹಣೆಬರಹವೂ ಅಲ್ಲ — ನಾನು, ನಿಮ್ಮ ಸೊಸೆ.

ನಾಲ್ಕು ವರ್ಷದ ಹಿಂದೆ ಜೇವರ್ಗಿಯ ಡಾಕ್ಟರು ಎಕ್ಸ್‌ರೇ ನೋಡಿ, ಕೀಲು ಸವೆದಿದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಆದರೆ ಮೈಭಾರ ಇಳಿಸಿದರೆ ನೋವು ಕಡಿಮೆಯಾದೀತು ಎಂದರು. ನೀವು ಆ ಮಾತನ್ನು ವ್ರತದ ಹಾಗೆ ಹಿಡಿದಿರಿ. ತುಪ್ಪ ನಿಂತಿತು, ಕರಿದದ್ದು ನಿಂತಿತು, ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದಿರಿ. ಯಾರೂ ನೋಡಬಾರದೆಂದು ಮಧ್ಯಾಹ್ನ ಹಿಟ್ಟಿನ ಗಿರಣಿ ಖಾಲಿಯಿರುವ ಹೊತ್ತಿಗೆ ಹೋಗಿ, ಜೋಳದ ಚೀಲ ತೂಗುವ ಕಾಟಾದ ಮೇಲೆ ನಿಂತು ಬರುತ್ತಿದ್ದಿರಿ. ಭಾರ ಇಳಿಯುತ್ತ ಬಂತು. ಗೋಡೆ ಹಿಡಿಯದೆ ಏಳತೊಡಗಿದಿರಿ. "ಈ ಸಲ ಘತ್ತರಗಿ ಜಾತ್ರಿಗೆ ಹೋದ್ರ, ನಾನೇ ಮೆಟ್ಟಲಾ ಇಳದು ಹೊಳ್ಯಾಗ ಕಾಲ ಇಡ್ತೇನಿ ನೋಡು" ಅಂದಿರಿ. ನಿಮಗೆ ಬೇಕಾಗಿದ್ದದ್ದು ಅಷ್ಟೇ.

ಆಗಲೇ ಆಳಂದದಲ್ಲಿ ಸಂಬಂಧಿಕರ ಬಸುರಿ ಹುಡುಗಿಯ ಕುಬಸ ಬಂತು. ಉಡಿ ತುಂಬುವಾಗ, ನೆರೆದ ಹೆಂಗಸರ ನಡುವೆ, ಚೌಡಾಪುರದ ನಿಮ್ಮ ಅಕ್ಕ ನಿಮ್ಮ ಸಡಿಲಾದ ಬಳೆ ತಿರುಗಿಸಿ ಕೇಳಿದರು: "ಯಾಕಬೇ, ಹಿಂಗ ಇಳದಿ? ಸೊಸಿ ಕೂಳ ಹಾಕಂಗಿಲ್ಲೇನು?"

ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಅತ್ತೆ — ಡಾಕ್ಟರು ಹೇಳಿದ್ದಾರೆ ಅನ್ನುವ ಒಂದು ಮಾತು ನಿಮ್ಮ ಬಾಯಿಂದ ಬರಲಿಲ್ಲ. ನನ್ನ ತವರಿನವರು ಅಲ್ಲೇ ಕೂತಿದ್ದರು. ಗಡಿಗೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೆ? ನನಗೆ ಮೈಯೆಲ್ಲ ಉರಿಯಿತು.

ಮರುದಿನವೇ ಶುರು ಮಾಡಿದೆ. ಪಲ್ಯಕ್ಕೆ ಹಿಡಿ ಹಿಡಿ ಶೇಂಗಾಪುಡಿ. ಬೇಳೆಯಲ್ಲಿ ತೇಲದ ಹಾಗೆ ಕಡೆದ ಎಣ್ಣೆ. ಮಜ್ಜಿಗೆಯೆಂದು ಕದಡಿದ ಕೆನೆಮೊಸರು. ಮೊದಲ ತುತ್ತಿಗೇ ಕೇಳಿದಿರಿ — "ಎಣ್ಣಿ ಹಾಕಿದ್ಯೇನು?"

"ಎಣ್ಣಿ ಹಾಕಿಲ್ರಿ ಅತ್ತಿ."

"ಎಣ್ಣಿ ಇಲ್ದನ ಎಷ್ಟ ಚಂದ ಮಾಡೀ ಬೇ!" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಿರಿ.

ಸಿಟ್ಟಿಗೆ ನಾಲ್ಕು ದಿನ ಮಾಡಿ ಬಿಡುತ್ತೇನೆ ಅಂದುಕೊಂಡಿದ್ದೆ. ಆದರೆ ನಿಮ್ಮ ಕೆನ್ನೆ ತುಂಬಿದ್ದು ನೋಡಿ ಓಣಿಯವರು "ಸೊಸಿ ಚಲೋ ನೋಡ್ಕೋತಾಳ" ಅಂದರಲ್ಲ — ಅದು ಹಿತವಾಗಿತ್ತು. ಒಂದು ವರ್ಷ ನಡೆಸಿದೆ.

ಒಂದು ದಿನ ನೀವು ಗಿರಣಿಯಿಂದ ಬಂದು ಹೊಸ್ತಿಲ ಮೇಲೆಯೇ ಕೂತಿರಿ. "ಬಾಯಿ ಕಟ್ಟಿದ್ರೂ ಇಳಿಯಂಗಿಲ್ಲ ನನ್ನ ಮೈ. ಹಣೇಬರಾ." ಮತ್ತೆಂದೂ ಕಾಟಾ ಹತ್ತಲಿಲ್ಲ, ಪಥ್ಯವನ್ನೂ ಬಿಟ್ಟಿರಿ. ಆಗಲಾದರೂ ಹೇಳಬೇಕಿತ್ತು. ನೀರು ತಂದು ಕೊಟ್ಟೆ.

ಈಗ ನೀವು ಬಚ್ಚಲಿಗೆ ತೆವಳಿಕೊಂಡು ಹೋಗುತ್ತೀರಿ. ಘತ್ತರಗಿಯ ಹೆಸರೆತ್ತುವುದಿಲ್ಲ. ನಾನು ಮೊಣಕಾಲು ತಿಕ್ಕುವಾಗ ನನ್ನ ತಲೆ ಸವರಿ, "ನನ್ನ ನಾಲಗಿ ಚಟಕ್ಕ ನಿನಗ ತ್ರಾಸ ಆತು" ಅನ್ನುತ್ತೀರಿ. ಆ ಕೈ ತಲೆಯ ಮೇಲಿರುವಷ್ಟು ಹೊತ್ತು ನಾನು ತಿಕ್ಕುತ್ತಲೇ ಇರುತ್ತೇನೆ, ಮುಖ ಎತ್ತುವುದಿಲ್ಲ.

ನಾಳೆ ಚೌಡಾಪುರದಿಂದ ನಿಮ್ಮ ಅಕ್ಕ ಬರುತ್ತಾರೆ. ನೀವು ಅವರ ಮುಂದೆ ಮತ್ತೆ ನನ್ನನ್ನು ಹೊಗಳುತ್ತೀರಿ. ಆ ಮಾತು ಮುಗಿಯುವ ಮೊದಲೇ, ಅವರ ಎದುರಿಗೇ ಹೇಳುತ್ತೇನೆ. ಆಮೇಲೆ ನನ್ನ ಕೈಯ ಊಟ ಬೇಡವೆಂದರೂ ಸರಿ.

ಎಣ್ಣಿ ಹಾಕಿದ್ನಿರಿ ಅತ್ತಿ. ದಿನಾ ಹಾಕಿದ್ನಿ.